ದುಬೈಗೆ ಹೊರಟ ನಮ್ಮ ಹುಡುಗರಿಗೆ: ಒಂದೇ ರೂಮಿನಲ್ಲಿ ಹಲವು ಧರ್ಮ

ಬಸವನ ಬಾಗೇವಾಡಿ ಕಡೆಯ ಹುಡುಗರು ದುಬೈಗೆ ಹೊರಟರೆ ಬ್ಯಾಗು ಕಟ್ಟೋ ಮುಂಚೆ ನಮ್ಮ ಮನೆಗೆ ಬಂದು ಹೋಗುತ್ತಾರೆ. ಅಲ್ಲಿ ಎಸಿ ಡಕ್ಟ್ ಕೆಲಸದಲ್ಲಿ ಬಹಳ ವರ್ಷ ಫೋರ್‌ಮನ್ ಆಗಿದ್ದವನು ನಾನು. ಮೊದಲು ಕೇಳೋದು ಕರದಂಟಿನ ಬಗ್ಗೆ.

"ಅವ್ವ ಕರದಂಟು ಕಟ್ಟ್ಯಾಳೇನೋ? ಗಸಗಸಿ ಹಾಕ್ಯಾಳೇನು?"

ಹುಡುಗರು ನಗುತ್ತಾರೆ. ನಗೋ ಮಾತಲ್ಲ ಇದು. ಗಸಗಸೆ ಅಫೀಮಿನ ಗಿಡದ ಬೀಜ. ಯುಎಇಗೆ ಅದನ್ನು ಒಯ್ಯುವ ಹಾಗಿಲ್ಲ, ಸಿಕ್ಕರೆ ಕೇಸು. ಅಮೀನಗಡದ್ದಿರಲಿ, ಗೋಕಾಕದ್ದಿರಲಿ, ಗಸಗಸೆ ಬಿದ್ದಿದ್ದರೆ ಬೇಡವೇ ಬೇಡ. ಮಸಾಲೆ ಖಾರಕ್ಕೂ ಎಷ್ಟೋ ಮನೆಗಳಲ್ಲಿ ಹುರಿದು ಹಾಕಿರುತ್ತಾರೆ, ಅದು ಯಾರಿಗೂ ನೆನಪಿರಲ್ಲ. ನಾನು ನನ್ನದನ್ನು ಗಸಗಸೆ ಬಿಟ್ಟು ಬೇರೆ ಕುಟ್ಟಿಸಿಕೊಂಡು ಹೋಗುತ್ತಿದ್ದೆ.

ಇನ್ನು ರೂಮು. ನನ್ನ ಜೊತೆ ಇದ್ದವರು ಪಾಕಿಸ್ತಾನದ ಸ್ವಾತ್ ಕಡೆಯ ಪಠಾಣರು, ಬಾಂಗ್ಲಾದೇಶದವರು, ಕೇರಳದ ಒಬ್ಬ ಕ್ರೈಸ್ತ ಹುಡುಗ. ವಿಜಯಪುರ ಜಿಲ್ಲೆಯವರಿಗೆ ಒಂದು ಧೈರ್ಯ ಇರುತ್ತದೆ. ಗೋಲಗುಮ್ಮಟ ನೋಡಿಕೊಂಡು ಬೆಳೆದವರು, ದಖನಿ ಮಾತು ಬರುತ್ತದೆ, ಮೊಹರಂನಲ್ಲಿ ಅಲಾಯಿ ಕುಣಿ (ಬೆಂಕಿ ಹಾಕೋ ಗುಂಡಿ) ಸುತ್ತ ಹೆಜ್ಜೆ ಹಾಕಿದವರು, ಮುಸಲ್ಮಾನರು ನಮಗೇನು ಹೊಸಬರೇ ಅಂತ. ಆ ಧೈರ್ಯ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ನಮ್ಮೂರ ಅಲಾಯಿ ಹಬ್ಬದ ವಿಡಿಯೋ ತೋರಿಸಿದರೆ ಅಲ್ಲಿ ಎಲ್ಲರೂ ಖುಷಿಪಡಲ್ಲ. ಶಿಯಾಗಳಿಗೆ ಅದು ಶೋಕದ ಕಾಲ. ಇನ್ನು ಎಷ್ಟೋ ಮಂದಿಗೆ ಪಂಜಾ, ಅಂದರೆ ಹಸ್ತದ ಆಕಾರದ ದೇವರು, ಕೂಡಿಸೋದೇ ಧರ್ಮಕ್ಕೆ ವಿರುದ್ಧ. ಹಾಗಂತ ನಮ್ಮ ಹಬ್ಬ ತಪ್ಪಲ್ಲ, ಅದು ನಮ್ಮೂರಿನದು. ಅಲ್ಲಿ ಮಾತ್ರ ನಾನು ಯಾವುದನ್ನೂ ಊಹೆ ಮಾಡದೆ, ಎದುರಿಗಿದ್ದವರನ್ನೇ ಕೇಳುತ್ತಿದ್ದೆ.

ಊಟದ್ದೇ ದೊಡ್ಡ ವಿಷಯ. ಪಠಾಣರು ನೆಲಕ್ಕೆ ದಸ್ತರಖಾನ್ ಹಾಸಿ, ಒಂದೇ ದೊಡ್ಡ ತಾಟಿಗೆ ಎಲ್ಲರೂ ಕೈ ಹಾಕಿ ಉಣ್ಣುತ್ತಾರೆ. ರೂಮಿನಲ್ಲಿ ಇದ್ದವರನ್ನು ಕರೆಯದೆ ತುತ್ತು ಎತ್ತಲ್ಲ. ನಾನು ಲಿಂಗಾಯತ, ಮಾಂಸ ತಿನ್ನಲ್ಲ. ಆದರೆ 'ಬೇಡ' ಅಂತ ಸುಮ್ನೆ ತನ್ನ ಮಂಚದ ಮೇಲೆ ಕೂತು ಉಂಡರೆ, 'ಇವನಿಗೆ ನಾವು ಮೈಲಿಗೆ' ಅಂತ ಅವರಿಗೆ ಅನಿಸುತ್ತದೆ. ಹಾಗೆ ಮನಸ್ಸು ಮುರಿದುಕೊಂಡ ರೂಮುಗಳನ್ನು ಕಂಡಿದ್ದೇನೆ. ಅದಕ್ಕೆ ಮೊದಲ ರಾತ್ರಿಯೇ ನನ್ನ ರೊಟ್ಟಿಗಂಟು ಹಿಡಿದು ಅದೇ ಹಾಸಿನ ಮೇಲೆ ಹಿರಿಯರ ಪಕ್ಕ ಕೂತೆ. "ಚಾಚಾ, ಮಾಂಸ ನಮ್ಮ ಮನೆತನದಲ್ಲೇ ಇಲ್ಲ. ನಿಮ್ಮ ಜೊತೆ ಕೂತು ಉಣ್ಣೋಕೆ ನನಗೆ ಯಾವ ಅಡ್ಡಿಯೂ ಇಲ್ಲ" ಅಂದೆ. ಅವರು ತಮ್ಮ ನಾನ್ ಮುರಿದು ಕೊಟ್ಟರು, ತಿಂದೆ. ನನ್ನ ಕಟಕ್ ರೊಟ್ಟಿ ಅವರ ಕೈಯಲ್ಲಿ ಪಟ್ಟನೆ ಮುರಿಯಿತು. ಶೇಂಗಾ ಚಟ್ನಿಗೆ ಮೊಸರು ಕಲಸಿ ಮುಂದಿಟ್ಟೆ, ಎಲ್ಲರೂ ಅದ್ದಿಕೊಂಡು ತಿಂದರು.

ಆಮೇಲೆ ಪಾತ್ರೆಯ ಮಾತು ಸಲೀಸಾಯಿತು. ನನ್ನ ಹಂಚು, ನನ್ನ ಸೌಟು ಮೇಲಿನ ಶೆಲ್ಫಿನಲ್ಲಿ. ಒಲೆ ಮೊದಲು ನನಗೆ, ಆಮೇಲೆ ಅವರಿಗೆ. ದನದ ಮಾಂಸ ಮಾಡಬೇಡಿ ಅಂತ ನಾನು ಕೇಳಲಿಲ್ಲ. ಆ ಒಲೆ ಅವರದ್ದೂ ಹೌದಲ್ವಾ? ವಾಸನೆ ಜಾಸ್ತಿ ಅನಿಸಿದಾಗ ಹೊರಗೆ ಒಂದು ಸುತ್ತು ಹಾಕಿ ಬರುತ್ತಿದ್ದೆ.

ಇಷ್ಟಲಿಂಗ ಧರಿಸುವವರಿಗೆ ಒಂದು ಮಾತು. ಸೈಟಿನಲ್ಲಿ ಕೊರಳಿಗೆ ಏನೂ ಜೋತಾಡಬಾರದು, ಮಷೀನಿಗೆ ಸಿಕ್ಕರೆ ಜೀವಕ್ಕೇ ಅಪಾಯ. ನಾನು ಊರಲ್ಲೇ ದರ್ಜಿ ಕಡೆಯಿಂದ ಬನಿಯನ್ನಿನ ಎದೆಗೆ ಒಂದು ಒಳಜೇಬು ಹೊಲಿಸಿ, ಮೇಲೆ ಗುಂಡಿ ಇಡಿಸಿದ್ದೆ. ಶಿವದಾರ ಮಡಚಿ ಕರಡಿಗೆ (ಲಿಂಗ ಇಡೋ ಡಬ್ಬಿ) ಸಮೇತ ಅದರೊಳಗೆ. ಸೇಫ್ಟಿ ಆಫೀಸರ್ ಈಜಿಪ್ಟಿನವರು. ಅವರು ಕೇಳೋ ಮುಂಚೆ ನಾನೇ ಹೋಗಿ ತೋರಿಸಿದೆ. ಗುಂಡಿ ಎಳೆದು ನೋಡಿ, ಸರಿ ಅಂದರು. ಪೂಜೆ ಬೆಳಗ್ಗೆ ರೂಮಿನವರ ನಮಾಜಿನ ಹೊತ್ತಿಗೇ, ನನ್ನ ಮಂಚದ ಮೇಲೆ. ಯಾರಾದರೂ ಕೇಳಿದರೆ ಎರಡು ಮಾತಲ್ಲಿ ಹೇಳುತ್ತಿದ್ದೆ, ವಾದಕ್ಕೆ ಇಳಿಯುತ್ತಿರಲಿಲ್ಲ. ಅಲ್ಲಿ ನಮ್ಮ ಪೂಜೆ ನಾವು ಮಾಡಿಕೊಳ್ಳಬಹುದು, ಮುಸಲ್ಮಾನರ ಮುಂದೆ ಬೇರೆ ಧರ್ಮದ ಪ್ರಚಾರ ಮಾಡುವ ಹಾಗಿಲ್ಲ.

ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ. 2015ರಲ್ಲಿ ಜೂನ್ ಬಿಸಿಲಿಗೇ ಬಂದಿತ್ತು. ಆ ತಿಂಗಳು ದಿನಕ್ಕೆ ಎರಡು ತಾಸು ಕೆಲಸ ಕಡಿಮೆ, ಉಪವಾಸ ಇಲ್ಲದವರಿಗೂ. ರೋಜಾ ಇದ್ದವರಿಗೆ ಎತ್ತರದ ಕೆಲಸ ಬೆಳಗ್ಗೆಯೇ ಮುಗಿಸಿ, ಆಮೇಲೆ ನೆರಳಲ್ಲಿ ಇನ್ಸುಲೇಷನ್ ಸುತ್ತೋದಕ್ಕೆ ಕೂರಿಸುತ್ತಿದ್ದೆ. ಉಳಿದವರ ನೀರಿನ ಕ್ಯಾನು ಕ್ಯಾಬಿನ್ನಿನೊಳಗೆ, ಬಾಗಿಲು ಹಾಕಿಕೊಂಡು ಕುಡಿಯಬೇಕಿತ್ತು. ದೀಪಾವಳಿ ಬಂದಾಗ ಪಠಾಣರೇ ನಮ್ಮ ಶಿಫ್ಟ್ ಹೊತ್ತುಕೊಂಡರು. ನಾವು ಕೇಳಿರಲಿಲ್ಲ.

ಇಷ್ಟೆಲ್ಲ ಮಾಡಿಕೊಂಡಿದ್ದನ್ನು ಒಂದೇ ಒಂದು ಫಾರ್ವರ್ಡ್ ಹಾಳುಮಾಡಬಲ್ಲದು. ಧರ್ಮ ನಿಂದನೆ, ದ್ವೇಷದ ವಿರುದ್ಧ ಯುಎಇ 2015ರಲ್ಲೇ ಕಾನೂನು ತಂದಿದೆ. ಜೈಲೂ ಇದೆ, ಭಾರೀ ದಂಡವೂ ಇದೆ. 2020ರಲ್ಲಿ ಕೊರೊನಾ ಹೊತ್ತಲ್ಲಿ ಇಂಥ ಪೋಸ್ಟ್ ಹಾಕಿ ಕೆಲವು ಭಾರತೀಯರು ಕೆಲಸ ಕಳೆದುಕೊಂಡರು. ನಮ್ಮ ರಾಯಭಾರಿಯೇ ಬಹಿರಂಗವಾಗಿ ಎಚ್ಚರಿಸಬೇಕಾಯಿತು. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಏನೇನೋ ಬರುತ್ತಿರುತ್ತದೆ. ಅಂಥ ಗ್ರೂಪುಗಳಿಂದ ವಿಮಾನ ಹತ್ತೋ ಮುಂಚೆಯೇ ಹೊರಗೆ ಬನ್ನಿ. ಮನೆಯವರದ್ದೊಂದು ಇದ್ದರೆ ಸಾಕು.