ವರ್ಕಿಂಗ್ ಇಂಟರ್‌ವ್ಯೂಗೆ ನನ್ನ ಕೈಗಳನ್ನು ಪಳಗಿಸಿದ ಬಗೆ

ನನ್ನ ಮೊದಲ ವರ್ಕಿಂಗ್ ಇಂಟರ್‌ವ್ಯೂ ಮುಕ್ಕಾಲು ಗಂಟೆಯಲ್ಲೇ ಮುಗಿದುಹೋಯಿತು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಸಮೀಪದ ಒಂದು ಪ್ರಾಣಿ ಆಸ್ಪತ್ರೆಯವರು ಪಶುವೈದ್ಯರ ಕೈಕೆಳಗೆ ದಾದಿಯಂತೆ ಕೆಲಸ ಮಾಡುವ ವೆಟರಿನರಿ ಟೆಕ್ನಿಷಿಯನ್ ಹುದ್ದೆಗೆ ಅರ್ಜಿ ಹಾಕಿದ್ದ ನನ್ನನ್ನು ನಾಲ್ಕು ಗಂಟೆಗಳ ಕಾಲ ಕೆಲಸ ಮಾಡಿ ತೋರಿಸಲು ಕರೆದಿದ್ದರು. ರಕ್ತ ತೆಗೆಯುವುದಕ್ಕಾಗಿ ಒಂದು ಬೆಕ್ಕನ್ನು ಹಿಡಿದುಕೊಳ್ಳುವಂತೆ ಹೇಳಿದರು. ಅದು ಗುರುಗುಟ್ಟಿ ಪಂಜ ಎತ್ತಿದ ಕ್ಷಣವೇ ನನ್ನ ಬಲಗೈ ತಾನಾಗಿ ಹೋಗಿ ಅದರ ಕತ್ತಿನ ಹಿಂದಿನ ಚರ್ಮವನ್ನು ಬಿಗಿಯಾಗಿ ಹಿಡಿದುಬಿಟ್ಟಿತು. ಅಲ್ಲಿನ ಹಿರಿಯ ಟೆಕ್ನಿಷಿಯನ್ ಏನೂ ಮಾತನಾಡದೆ ಬೆಕ್ಕನ್ನು ನನ್ನಿಂದ ತೆಗೆದುಕೊಂಡು, ಟವೆಲ್ ಹೊದಿಸಿ, ಮತ್ತೊಬ್ಬರ ಕೈಗೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಧನ್ಯವಾದ ಹೇಳಿ ನನ್ನನ್ನು ಮನೆಗೆ ಕಳುಹಿಸಿದರು.

ಹಾಗೆ ಹಿಡಿಯಬಾರದೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅಮೆರಿಕದ ಹಾಗೂ ಅಂತರರಾಷ್ಟ್ರೀಯ ಬೆಕ್ಕುವೈದ್ಯರ ಸಂಘಗಳು ಜೊತೆಗೂಡಿ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ, ಕತ್ತಿನ ಚರ್ಮ ಹಿಡಿದು ಬೆಕ್ಕನ್ನು ಅದುಮುವುದನ್ನು ಬಿಡಬೇಕೆಂದು ಹೇಳುತ್ತದೆ. ಅದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ನನ್ನ ಕೈಗಳು ಕಲಿತದ್ದು ಚನ್ನರಾಯಪಟ್ಟಣದ ಬಳಿಯ ನಮ್ಮ ಹಳ್ಳಿಯಲ್ಲಿ. ನಮ್ಮಪ್ಪ ಪಶುವೈದ್ಯ ಇಲಾಖೆಯಲ್ಲಿ ಕೆಲಸದಲ್ಲಿದ್ದವರು, ಊರವರ ಬಾಯಲ್ಲಿ ದನದ ಡಾಕ್ಟ್ರು. ಹಸುವನ್ನು ಅಲುಗಾಡದಂತೆ ನಿಲ್ಲಿಸುವ ಕಂಬಗಳ ಚೌಕಟ್ಟಾದ ಟ್ರೆವಿಸ್‌ಗೆ ಕಟ್ಟಿ ಅವರು ಚುಚ್ಚುಮದ್ದು ಕೊಡುವಾಗ ಮೂಗುದಾರ ಹಿಡಿದು ನಿಲ್ಲುವುದು ನನ್ನ ಪಾಲಿನ ಕೆಲಸವಾಗಿತ್ತು. ‘ಸಡಿಲ ಬಿಟ್ಟರೆ ಒದೆ ಬೀಳೋದು ನನಗೆ ಕಣಮ್ಮ’ ಎನ್ನುತ್ತಿದ್ದರು. ಮುನ್ನೂರು ಕಿಲೋ ತೂಗುವ ಪ್ರಾಣಿಯ ವಿಷಯದಲ್ಲಿ ಆ ಮಾತು ಸರಿಯೇ. ನಾಲ್ಕು ಕಿಲೋದ ಬೆಕ್ಕಿಗೆ ಅದೇ ಬಿಗಿತ ಭಯ ಹುಟ್ಟಿಸುತ್ತದೆ. ಭಯಗೊಂಡ ಬೆಕ್ಕು ಕಚ್ಚುತ್ತದೆ.

ಮದುವೆಯಾಗಿ ಬಂದ ಮೇಲೆ ಇಲ್ಲಿ ಎರಡು ವರ್ಷದ ಕೋರ್ಸ್ ಮಾಡಿ, ವಿಟಿಎನ್‌ಇ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯನ್ನು ಪಾಸು ಮಾಡಿ, ರಾಜ್ಯದಲ್ಲಿ ಹೆಸರು ನೋಂದಾಯಿಸಿಕೊಂಡಿದ್ದೆ. ಪುಸ್ತಕದ ತಯಾರಿ ಅಷ್ಟೆಲ್ಲ ಇದ್ದರೂ ವರ್ಕಿಂಗ್ ಇಂಟರ್‌ವ್ಯೂ ಬೇರೆಯದೇ ತಯಾರಿಯನ್ನು ಕೇಳುತ್ತದೆ ಎಂಬುದು ಆ ಬೆಕ್ಕಿನಿಂದ ನನಗೆ ಗೊತ್ತಾಯಿತು.

ಮನೆಗೆ ಬಂದವಳು ಮೊದಲು ಮಾಡಿದ ಕೆಲಸವೆಂದರೆ ಟವೆಲ್ ಅಭ್ಯಾಸ. ಪಕ್ಕದ ಮನೆಯ ಅಜ್ಜಿಯೊಬ್ಬರ ಬಳಿ ಹದಿಮೂರು ವರ್ಷದ, ಯಾವುದಕ್ಕೂ ತಲೆಕೆಡಿಸಿಕೊಳ್ಳದ ಒಂದು ಬೆಕ್ಕಿತ್ತು. ಅವರ ಒಪ್ಪಿಗೆ ಪಡೆದು ಮೂರು ವಾರಗಳ ಕಾಲ ಪ್ರತಿ ಸಂಜೆ ಹತ್ತು ನಿಮಿಷ ಅದರೊಂದಿಗೆ ಕಳೆದೆ. ಟವೆಲ್ಲನ್ನು ಮೇಜಿನ ಮೇಲೆ ಹಾಸಿ, ಬೆಕ್ಕನ್ನು ಅದರ ಮೇಲೆ ಕೂರಿಸಿ, ಒಂದು ಅಂಚನ್ನು ಕತ್ತಿನ ಕೆಳಗಿನಿಂದ ತಂದು, ಇನ್ನೊಂದನ್ನು ಬೆನ್ನ ಮೇಲಿಂದ ಸುತ್ತುವುದು. ಆಮೇಲೆ ಒಂದು ಮುಂಗಾಲನ್ನಷ್ಟೇ ಹೊರಗೆ ತೆಗೆಯುವುದು. ಕೂಸಿಗೆ ಬಟ್ಟೆ ಸುತ್ತಿ ಬಲ್ಲವರಿಗೆ ಇದು ಬೇಗ ಕೈಗೆ ಹತ್ತುತ್ತದೆ. ಬೆಕ್ಕು ಬಾಲ ಬಡಿಯತೊಡಗಿದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಹಾಗೆ ನಿಲ್ಲಿಸುವುದನ್ನೇ ನಾನು ನಿಜವಾಗಿ ಕಲಿಯಬೇಕಾಗಿತ್ತು, ಏಕೆಂದರೆ ಹಿಡಿದ ಪ್ರಾಣಿಯನ್ನು ಕೆಲಸ ಮುಗಿಯುವವರೆಗೂ ಬಿಡಬಾರದೆಂಬುದು ನನ್ನ ಮೈಗೆ ಅಂಟಿಕೊಂಡಿತ್ತು.

ಎರಡನೆಯದು ಲೆಕ್ಕ. ಇಲ್ಲಿ ತೂಕದ ಯಂತ್ರ ಪೌಂಡಿನಲ್ಲಿ ತೋರಿಸುತ್ತದೆ, ಔಷಧದ ಪ್ರಮಾಣವಿರುವುದು ಕಿಲೋಗ್ರಾಂಗೆ ಇಷ್ಟು ಎಂದು. ಪೌಂಡನ್ನು 2.2ರಿಂದ ಭಾಗಿಸಲು ಮರೆತರೆ ಪ್ರಾಣಿಗೆ ಎರಡು ಪಟ್ಟಿಗೂ ಹೆಚ್ಚು ಔಷಧ ಹೋಗುತ್ತದೆ. ವಾಂತಿ ನಿಲ್ಲಿಸಲು ಕೊಡುವ ಮಾರೋಪಿಟಂಟ್ ಚುಚ್ಚುಮದ್ದಿನ ಸಾಮಾನ್ಯ ಪ್ರಮಾಣ ಕಿಲೋಗೆ ಒಂದು ಮಿಲಿಗ್ರಾಂ, ಒಂದು ಎಂ.ಎಲ್.ನಲ್ಲಿ ಹತ್ತು ಮಿಲಿಗ್ರಾಂ ಇರುತ್ತದೆ. 44 ಪೌಂಡಿನ ನಾಯಿ ಎಂದರೆ 20 ಕಿಲೋ, ಅದಕ್ಕೆ ಎರಡು ಎಂ.ಎಲ್. ಅದೇ ನಾಯಿಗೆ ಶಸ್ತ್ರಚಿಕಿತ್ಸೆಯ ವೇಳೆ ಕಿಲೋಗೆ ಗಂಟೆಗೆ 5 ಎಂ.ಎಲ್.ನಂತೆ ಡ್ರಿಪ್ ಹಾಕಲು ಹೇಳಿದರೆ ಗಂಟೆಗೆ 100 ಎಂ.ಎಲ್. ಆಯಿತು, ಎಂ.ಎಲ್.ಗೆ 15 ಹನಿ ಬೀಳುವ ಸೆಟ್‌ನಲ್ಲಿ ಅದು ನಿಮಿಷಕ್ಕೆ 25 ಹನಿ. ಇಂಥ ಲೆಕ್ಕಗಳನ್ನು ನಾನು ಕುಳಿತು ಮಾಡುವುದನ್ನು ಬಿಟ್ಟು, ಪಾತ್ರೆ ತೊಳೆಯುತ್ತಾ, ಅನ್ನಕ್ಕಿಡುತ್ತಾ, ಬಾಯಿಬಿಟ್ಟು ಹೇಳಿಕೊಂಡು ಮಾಡಿದೆ. ಆಸ್ಪತ್ರೆಯಲ್ಲಿ ಯಾರೂ ನಮಗೆ ಮೇಜು ಕುರ್ಚಿ ಕೊಟ್ಟು ಲೆಕ್ಕ ಕೇಳುವುದಿಲ್ಲ. ಮಗಳು ಒಂದು ದಿನ ‘ಅಮ್ಮ, ಯಾರ ನಾಯಿಗೆ?’ ಎಂದು ಕೇಳಿದಳು.

ಮೂರನೆಯದು ನನ್ನ ತಲೆ. ನಾವು ‘ಆಯ್ತು’ ಎನ್ನಲು ತಲೆಯನ್ನು ಪಕ್ಕಕ್ಕೆ ಆಡಿಸುವುದನ್ನು ಇಲ್ಲಿಯವರು ‘ಇಲ್ಲ’ ಎಂದೋ ‘ಅನುಮಾನ’ ಎಂದೋ ಅರ್ಥ ಮಾಡಿಕೊಳ್ಳುತ್ತಾರೆ. ಆದ್ದರಿಂದ ವೈದ್ಯರು ಹೇಳಿದ್ದನ್ನು ಪೂರ್ತಿಯಾಗಿ ಮರಳಿ ಹೇಳುವುದನ್ನು ರೂಢಿಸಿಕೊಂಡೆ: ಪ್ರಾಣಿಯ ಹೆಸರು, ಔಷಧದ ಹೆಸರು, ಎಷ್ಟು ಎಂ.ಎಲ್., ಚರ್ಮದಡಿಗೋ ರಕ್ತನಾಳಕ್ಕೋ. ಮೊದಮೊದಲು ಪಾಠ ಒಪ್ಪಿಸಿದಂತೆ ಅನ್ನಿಸಿ ನಾಚಿಕೆಯಾಗುತ್ತಿತ್ತು.

ಮತ್ತೊಂದು ಕಡೆಯಿಂದ ಕರೆ ಬಂದಾಗ, ಹೋಗುವ ಮುನ್ನವೇ ದೂರವಾಣಿಯಲ್ಲಿ ಕೆಲವು ವಿಷಯಗಳನ್ನು ಕೇಳಿ ತಿಳಿದುಕೊಂಡೆ. ಬರೀ ನೋಡುತ್ತ ನಿಲ್ಲಬೇಕೋ, ಪ್ರಾಣಿಗಳನ್ನು ಮುಟ್ಟಿ ಕೆಲಸ ಮಾಡಬೇಕೋ? ಕೆಲಸ ಮಾಡುವುದಾದರೆ ಆ ಗಂಟೆಗಳಿಗೆ ಸಂಬಳವುಂಟೋ? ಇದನ್ನು ಕೇಳಲು ನಮ್ಮವರು ಹಿಂಜರಿಯುತ್ತಾರೆ, ನಾನೂ ಹಿಂಜರಿದಿದ್ದೆ. ಆದರೆ ಆಸ್ಪತ್ರೆಗೆ ಉಪಯೋಗವಾಗುವ ಕೆಲಸವನ್ನು ನಮ್ಮಿಂದ ಮಾಡಿಸಿಕೊಂಡರೆ ಅದಕ್ಕೆ ಕನಿಷ್ಠ ವೇತನವನ್ನಾದರೂ ಕೊಡಬೇಕೆಂಬುದು ಇಲ್ಲಿನ ಕಾನೂನು. ಇಲ್ಲಿ ಕೆಲಸದ ವೀಸಾ ಇರುವವರ ಮನೆಯವರಿಗೆ ಕೊಡುವ ಎಚ್-4 ವೀಸಾದ ಮೇಲೆ ಬಂದವರಿಗೆ ಇದರಲ್ಲಿ ಇನ್ನೊಂದು ಎಚ್ಚರವಿದೆ. 2015ರಿಂದ ನಮ್ಮಲ್ಲಿ ಕೆಲವರಿಗೆ ಕೆಲಸದ ಅನುಮತಿ ಸಿಗುತ್ತಿದೆ, ಆದರೆ ಆ ಕಾರ್ಡು ಕೈಗೆ ಬರುವವರೆಗೆ ಇಂಟರ್‌ವ್ಯೂ ಎಂಬ ಹೆಸರಿನಲ್ಲಿಯೂ ನಾನು ಎಲ್ಲಿಯೂ ಕೆಲಸ ಮಾಡಿ ತೋರಿಸಲಿಲ್ಲ.

ಆ ಎರಡನೆಯ ಆಸ್ಪತ್ರೆಯಲ್ಲಿ ಬೆಕ್ಕು, ಲೆಕ್ಕ ಎಲ್ಲವೂ ಚೆನ್ನಾಗಿಯೇ ನಡೆದವು. ಕೆಟ್ಟದ್ದು ಎಕ್ಸ್‌ರೇ ಕೋಣೆ. ಸೀಸದ ಏಪ್ರನ್ ಕೊಟ್ಟರು. ಕೈಗವಸುಗಳು ಮೂಲೆಯಲ್ಲಿ ದೂಳು ಹಿಡಿದು ಬಿದ್ದಿದ್ದವು. ನಾಯಿಯ ಕಾಲನ್ನು ಬರಿಗೈಯಲ್ಲಿ ಹಿಡಿದು ನಿಲ್ಲಬೇಕೆಂದೂ, ಬೆರಳು ಚಿತ್ರದಲ್ಲಿ ಬಂದರೆ ಆಮೇಲೆ ಕತ್ತರಿಸಬಹುದೆಂದೂ ಹೇಳಿದರು. ಚಿತ್ರದಿಂದ ಬೆರಳನ್ನು ಕತ್ತರಿಸಬಹುದು, ಬೆರಳಿಗೆ ಬಿದ್ದ ವಿಕಿರಣವನ್ನು ಕತ್ತರಿಸಲಾಗದು. ಮರಳಿನ ಚೀಲವಿಟ್ಟು, ಟೇಪಿನಿಂದ ಕಾಲನ್ನು ಎಳೆದು ಕಟ್ಟಿ ತೆಗೆಯಬಹುದೇ ಎಂದು ಕೇಳಿದೆ, ಸಮಯವಿಲ್ಲವೆಂದರು. ಎರಡು ದಿನಗಳ ನಂತರ ಕೆಲಸಕ್ಕೆ ಬರಲು ಹೇಳಿದಾಗ ಒಲ್ಲೆನೆಂದು ತಿಳಿಸಿದೆ. ಮನೆಯಲ್ಲಿ ಇದಕ್ಕೆ ಒಪ್ಪಿಗೆಯಿರಲಿಲ್ಲ. ಊರಿನಿಂದ ಅಪ್ಪ ಮಾತ್ರ, ‘ಬೇಡ ಬಿಡು, ಕೈ ಇದ್ದರೆ ಕೆಲಸ’ ಎಂದರು.

ಮೂರನೆಯ ಇಂಟರ್‌ವ್ಯೂ ಇದ್ದದ್ದು ಒಂದು ಗುರುವಾರ ಬೆಳಿಗ್ಗೆ. ಉಗುರು ಕತ್ತರಿಸಿ, ಬಳೆ ತೆಗೆದಿಟ್ಟು, ತಾಳಿಸರವನ್ನು ಸ್ಕ್ರಬ್ಸ್‌ನ ಒಳಗೆ ಪಿನ್ನಿನಿಂದ ಸಿಕ್ಕಿಸಿಕೊಂಡೆ. ನೇತಾಡುವ ಸರಕ್ಕೆ ನಾಯಿಯ ಕಾಲು ಸಿಕ್ಕಿಕೊಳ್ಳುವುದು ಒಳ್ಳೆಯದಲ್ಲ. ಜೇಬಿನಲ್ಲಿ ಸೆಕೆಂಡಿನ ಮುಳ್ಳಿರುವ ಗಡಿಯಾರ, ಬ್ಯಾಂಡೇಜು ಕತ್ತರಿ, ಎರಡು ಪೆನ್ನು. ಕೊರಳಲ್ಲಿ ನನ್ನದೇ ಸ್ಟೆತಾಸ್ಕೋಪ್. ಊಟದ ಡಬ್ಬಿಯಲ್ಲಿ ಚಿತ್ರಾನ್ನ.

ಹತ್ತು ಗಂಟೆಗೆ ನನ್ನನ್ನು ಅರಿವಳಿಕೆ ಯಂತ್ರದ ಮುಂದೆ ನಿಲ್ಲಿಸಿದರು. ಕ್ಯಾಲಿಫೋರ್ನಿಯಾದಲ್ಲಿ ವೈದ್ಯರ ಉಸ್ತುವಾರಿಯಲ್ಲಿ ಅರಿವಳಿಕೆ ಕೊಡುವುದು, ಚರ್ಮಕ್ಕೆ ಹೊಲಿಗೆ ಹಾಕುವುದು, ಹಲ್ಲು ಕೀಳುವುದು ಮುಂತಾದವನ್ನು ನೋಂದಾಯಿತ ಟೆಕ್ನಿಷಿಯನ್ ಮಾಡಬಹುದು, ನೋಂದಣಿಯಿಲ್ಲದ ಸಹಾಯಕರು ಮಾಡುವಂತಿಲ್ಲ. ಹಾಗಾಗಿ ಈ ಭಾಗದ ಮೇಲೆ ಕಣ್ಣಿಟ್ಟೇ ಇರುತ್ತಾರೆಂದು ಊಹಿಸಿದ್ದೆ. ಆದರೆ ನಾನು ಕಲಿತ ಯಂತ್ರ ಬೇರೆ ಮಾದರಿಯದು. ಈ ಯಂತ್ರವನ್ನು ನಾನು ಬಳಸಿಲ್ಲ, ಒಮ್ಮೆ ಭಾಗಗಳನ್ನು ತೋರಿಸಿ, ಸೋರಿಕೆಯ ಪರೀಕ್ಷೆಯನ್ನು ನಾನೇ ಮಾಡುತ್ತೇನೆ ಎಂದೆ. ಹೆಚ್ಚಾದ ಅನಿಲವನ್ನು ಹೊರಬಿಡುವ ಪಾಪ್-ಆಫ್ ವಾಲ್ವನ್ನು ಮುಚ್ಚಿ, ಕೊಳವೆಯ ತುದಿಯನ್ನು ಹೆಬ್ಬೆರಳಿನಿಂದ ಅದುಮಿ, ಆಮ್ಲಜನಕ ತುಂಬಿ, ಮಾಪಕದ ಮುಳ್ಳು 30ಕ್ಕೆ ಬಂದ ಮೇಲೆ ಹತ್ತು ಸೆಕೆಂಡು ಕದಲದೆ ನಿಲ್ಲುತ್ತದೆಯೇ ಎಂದು ನೋಡಿದೆ. ಆಮೇಲೆ ‘ವಾಲ್ವ್ ತೆರೆದಿದ್ದೇನೆ’ ಎಂದು ಗಟ್ಟಿಯಾಗಿ ಹೇಳಿ ತೆರೆದೆ. ಪರೀಕ್ಷೆ ಮುಗಿಸಿ ಅದನ್ನು ತೆರೆಯಲು ಮರೆತರೆ ಪ್ರಾಣಿಯ ಶ್ವಾಸಕೋಶದಲ್ಲಿ ಒತ್ತಡ ಏರುತ್ತಾ ಹೋಗಿ ಜೀವವೇ ಹೋಗಬಹುದು. ನನ್ನ ಪಕ್ಕದಲ್ಲಿದ್ದ ಹಿರಿಯ ಟೆಕ್ನಿಷಿಯನ್ ಅಲ್ಲಿಯವರೆಗೆ ಕೈಕಟ್ಟಿ ನಿಂತಿದ್ದವರು, ಕೈಬಿಟ್ಟು ದಾಖಲೆಯ ಹಾಳೆಯನ್ನು ನನ್ನ ಕಡೆಗೆ ಸರಿಸಿದರು. ಐದು ನಿಮಿಷಕ್ಕೊಮ್ಮೆ ಎದೆಬಡಿತ, ಉಸಿರು, ರಕ್ತದೊತ್ತಡ, ಆಮ್ಲಜನಕದ ಮಟ್ಟ ಬರೆಯುತ್ತಾ ಹೋದೆ.

ಮಧ್ಯಾಹ್ನ ಒಂದು ಬೆಕ್ಕು ಬಂತು, ಬರಲೇಬೇಕಿತ್ತು. ಟವೆಲ್ ಸುತ್ತಿ ಒಂದು ಕಾಲು ಹೊರತೆಗೆದೆ; ಎರಡನೆಯ ಬಾರಿ ಸೂಜಿ ಹಾಕಿದಾಗಲೂ ರಕ್ತ ಬರಲಿಲ್ಲ, ಅದರ ಬಾಲ ಬಡಿಯತೊಡಗಿತು. ನಾನು ನಿಲ್ಲಿಸಿ, ಇದಕ್ಕೆ ಸ್ವಲ್ಪ ವಿಶ್ರಾಂತಿ ಕೊಟ್ಟು ಬೇರೆಯವರು ಪ್ರಯತ್ನಿಸಲಿ ಎಂದೆ. ಅವರು ಹತ್ತು ನಿಮಿಷ ಬಿಟ್ಟು ಹಿಂಗಾಲಿನಿಂದ ತೆಗೆದರು. ರಕ್ತವನ್ನು ಕೊಳವೆಗಳಿಗೆ ತುಂಬುವ ಕೆಲಸ ನನಗೆ ಬಂತು: ಕೆಂಪು ಮುಚ್ಚಳದ್ದು ಮೊದಲು, ನೇರಳೆ ಆಮೇಲೆ. ನೇರಳೆಯಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಕೆಂಪಿಗೆ ಒಂದಿಷ್ಟು ತಗಲಿದರೂ ಪೊಟ್ಯಾಸಿಯಂ ಹೆಚ್ಚಾಗಿ, ಕ್ಯಾಲ್ಸಿಯಂ ಕಡಿಮೆಯಾಗಿ ತೋರಿಸಿ, ಇಲ್ಲದ ಕಾಯಿಲೆಯನ್ನು ಹುಡುಕುವಂತಾಗುತ್ತದೆ.

ಹೊರಡುವ ಮುನ್ನ ನಾನೂ ಕೇಳಿದೆ: ದಿನಕ್ಕೆ ಎಷ್ಟು ಶಸ್ತ್ರಚಿಕಿತ್ಸೆ, ಒಬ್ಬ ವೈದ್ಯರಿಗೆ ಎಷ್ಟು ಟೆಕ್ನಿಷಿಯನ್, ನಮಗೆ ಹಾಕಿಸುವ ರೇಬಿಸ್ ಲಸಿಕೆಯ ಖರ್ಚು ಯಾರದು, ಎಕ್ಸ್‌ರೇ ಕೋಣೆಯನ್ನು ಒಮ್ಮೆ ನೋಡಬಹುದೇ. ಕೊನೆಯ ಪ್ರಶ್ನೆಗೆ ಅವರು ನಕ್ಕು ಬಾಗಿಲು ತೆರೆದರು. ಗೋಡೆಗೆ ಕೈಗವಸುಗಳನ್ನು ನೇತುಹಾಕಿದ್ದರು, ಪಕ್ಕದಲ್ಲಿ ಮರಳಿನ ಚೀಲಗಳ ಸಾಲು, ವಿಕಿರಣ ಅಳೆಯುವ ಬಿಲ್ಲೆಗಳು, ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು. ಸೋಮವಾರ ಕರೆ ಬಂತು. ನಾಲ್ಕು ಗಂಟೆಗಳ ಸಂಬಳದ ಚೆಕ್ಕು ಅದಕ್ಕೂ ಮೊದಲೇ ಅಂಚೆಯಲ್ಲಿ ಬಂದಿತ್ತು.