ಕಥೆಯ ಲೋಕಕ್ಕೊಂದು ಹೊಸ ಕಳೆಗಿಡ ಕಟ್ಟುವುದು ಹೇಗೆ?

ಫ್ಯಾಂಟಸಿ ಕಥೆಗಳಲ್ಲಿ ಊರು ನುಂಗುವ ಬಳ್ಳಿಗಳಿಗೆ ಬರವಿಲ್ಲ. ಆದರೆ ಹೆಚ್ಚಿನವು ಯಾವನೋ ಮಾಂತ್ರಿಕನ ಶಾಪದಿಂದ ಹುಟ್ಟಿರುತ್ತವೆ. ನನಗೆ ಬೇಸರ ಆಗುವುದು ಅಲ್ಲೇ. ನಮ್ಮ ಲೋಕದ ಕಳೆಗಳನ್ನು ನೋಡಿ, ಎಷ್ಟೋ ಗಿಡಗಳನ್ನು ಯಾರೋ ಆಸೆಪಟ್ಟೇ ತಂದಿದ್ದಾರೆ. ಲಂಟಾನ ಭಾರತಕ್ಕೆ ಬಂದದ್ದು ಹೂವಿನ ಚಂದಕ್ಕೆ. ಅಮೆರಿಕದಲ್ಲಿ ಕಳೆಯಾಗಿ ಹಬ್ಬಿರುವ ಕುಡ್ಜು ಬಳ್ಳಿ 1876ರಲ್ಲಿ ಫಿಲಡೆಲ್ಫಿಯಾದ ವಸ್ತುಪ್ರದರ್ಶನದಲ್ಲಿ ಅಲಂಕಾರಕ್ಕಿತ್ತು. 1930ರ ದಶಕದಲ್ಲಿ ಮಣ್ಣು ಕೊಚ್ಚಿ ಹೋಗದಿರಲಿ ಅಂತ ಅಮೆರಿಕ ಸರ್ಕಾರವೇ ಅದನ್ನು ರೈತರಿಗೆ ಹಂಚಿತು. ಹಾಗಾಗಿ ಎಲೆ, ಹೂವು, ಬಣ್ಣ ಎಲ್ಲ ಆಮೇಲೆ. ತಂದವರು ಯಾರು, ಯಾಕೆ ತಂದರು ಅನ್ನುವುದನ್ನು ಮೊದಲು ಬರೆಯಿರಿ.

ನಾನೀಗ ಬರೆಯುತ್ತಿರುವ ಕಥೆಯಲ್ಲಿ ದೀಪಬಳ್ಳಿ ಅಂತ ಒಂದಿದೆ. ಕತ್ತಲಾದರೆ ಅದರ ಎಲೆಯ ನರಗಳು ತಿಳಿ ಹಸಿರಾಗಿ ಹೊಳೆಯುತ್ತವೆ. ರಾತ್ರಿ ದೋಣಿ ನಡೆಸುವ ಅಂಬಿಗರು ದೂರದ ಕಣಿವೆಯಿಂದ ಒಂದು ತುಂಡು ತಂದು, ದಾರಿ ಕಾಣಲಿ ಅಂತ ದಡದಲ್ಲಿ ನೆಟ್ಟರು. ದೀಪದ ಎಣ್ಣೆಗೆ ಕಾಸಿಲ್ಲದವರು ಒಂದೊಂದು ಕುಡಿ ಒಯ್ದು ಅಂಗಳಕ್ಕೆ ಹಬ್ಬಿಸಿಕೊಂಡರು. ಇದರಲ್ಲಿ ತಪ್ಪು ಹುಡುಕಲಿಕ್ಕೆ ಆಗುವುದಿಲ್ಲ, ಅಲ್ವಾ? ಕಥೆಗೆ ಬಲ ಬರುವುದು ಇಂಥ ಕಡೆಯಿಂದಲೇ. ಮುಂದೆ ಬಳ್ಳಿ ಕೀಳಬೇಕು ಅಂದಾಗ ಯಾರ ಮನೆ ಕತ್ತಲಾಗುತ್ತದೆ ಅನ್ನುವುದು ಓದುಗರಿಗೆ ಗೊತ್ತಿರುತ್ತದೆ.

ಹರಡುವ ದಾರಿ ಒಂದನ್ನೇ ಆರಿಸಿಕೊಳ್ಳಿ, ಸಾಕು. ಬ್ರಿಟನ್ನಿನಲ್ಲಿ ಜಪಾನೀಸ್ ನಾಟ್‌ವೀಡ್ ಅನ್ನುವ ಕಳೆ ಬೀಜದ ಹಂಗಿಲ್ಲದೆ ಹಬ್ಬಿದೆ. ಉಗುರಿನಷ್ಟು ಬೇರುಗೆಡ್ಡೆ ಮಣ್ಣಿನ ಜೊತೆ ಹೋದರೂ ಹೊಸ ಗಿಡ ಏಳುತ್ತದೆ. ದೀಪಬಳ್ಳಿಗೂ ನಾನು ಅದೇ ಗುಣ ಕೊಟ್ಟೆ. ಪ್ರತಿ ಗೆಣ್ಣಲ್ಲೂ ಬೇರು ಬರುತ್ತದೆ. ಸೈನಿಕರು ಕತ್ತಿಯಿಂದ ಕೊಚ್ಚಿ ನದಿಗೆ ಎಸೆಯುತ್ತಾರೆ, ಕೆಳಗಿನ ಊರುಗಳಿಗೆಲ್ಲ ಬಳ್ಳಿ ಪುಕ್ಕಟೆಯಾಗಿ ಹೋಗಿ ಮುಟ್ಟುತ್ತದೆ.

ಹಾನಿಯನ್ನು ಸಣ್ಣದಾಗಿ ಶುರು ಮಾಡಿ. ಮನೆ ಕೆಡವುವ, ಮಕ್ಕಳನ್ನು ಎಳೆದೊಯ್ಯುವ ಬಳ್ಳಿ ಬೇಡ. ಸೋರೆ ಹೂವು ಅರಳುವುದು ಸಂಜೆ, ಅದು ಕಾಯಿ ಕಟ್ಟಲು ಪತಂಗಗಳು ಬರಬೇಕು. ನನ್ನ ಕಥೆಯಲ್ಲಿ ಪತಂಗಗಳೆಲ್ಲ ದೀಪಬಳ್ಳಿಯ ಬೆಳಕಿಗೆ ಹೋಗಿ ಸುಮ್ನೆ ಸುತ್ತುತ್ತಿರುತ್ತವೆ. ಹೊಲದಲ್ಲಿ ಹೂವೇನೋ ಬಿಡುತ್ತದೆ. ಹೆಬ್ಬೆರಳಿನಷ್ಟಿರುವ ಹೀಚು ತುದಿಯಿಂದ ಹಳದಿಯಾಗಿ, ಮೆತ್ತಗಾಗಿ, ಮುಟ್ಟಿದರೆ ಕಳಚಿ ಬೀಳುತ್ತದೆ. ರೈತ ಹೆಂಗಸು ಮಣ್ಣನ್ನು ಬೈಯುತ್ತಾಳೆ, ಗೊಬ್ಬರ ಬದಲಿಸುತ್ತಾಳೆ. ಬೆಳಕಿಗೂ ಹೀಚಿಗೂ ಇರುವ ನಂಟು ಅವಳಿಗೆ ಹೊಳೆಯಲು ಒಂದಿಷ್ಟು ಅಧ್ಯಾಯ ಹಿಡಿಯಲಿ.

ಇನ್ನು ತವರಿನ ಮಾತು. ಕಣಿವೆಯಲ್ಲಿ ಈ ಬಳ್ಳಿ ಯಾಕೆ ಕಾಡಲಿಲ್ಲ? ಅಲ್ಲಿ ಅದನ್ನು ಮೇಯುವ ಬಸವನಹುಳು ಇತ್ತು. ಅಂಬಿಗರು ಬಳ್ಳಿ ಮಾತ್ರ ತಂದರು. ನಿಜಲೋಕದಲ್ಲೂ ಹೊರಗಿನ ಗಿಡ ಸೊಕ್ಕುವುದಕ್ಕೆ ಇದು ದೊಡ್ಡ ಕಾರಣ.

ಹಾಗಾದರೆ ಹುಳುವನ್ನೂ ತಂದುಬಿಟ್ಟರೆ ಕಥೆ ಮುಗಿಯಿತೇ? ಆಸ್ಟ್ರೇಲಿಯಾದಲ್ಲಿ ಪಾಪಾಸುಕಳ್ಳಿ ಲಕ್ಷಾಂತರ ಎಕರೆ ನುಂಗಿದ್ದಾಗ, ಅರ್ಜೆಂಟೀನಾದಿಂದ ತರಿಸಿದ ಕ್ಯಾಕ್ಟೊಬ್ಲಾಸ್ಟಿಸ್ ಪತಂಗವನ್ನು 1926ರಲ್ಲಿ ಬಿಟ್ಟರು. ಅದರ ಮರಿಹುಳುಗಳು ಕಳ್ಳಿಯನ್ನು ಒಳಗಿಂದ ತಿಂದು ಕೆಲವೇ ವರ್ಷಗಳಲ್ಲಿ ನೆಲ ಬಿಡಿಸಿಕೊಟ್ಟವು. ಅಲ್ಲಿನ ಬೂನಾರ್ಗ ಅನ್ನುವ ಊರಿನ ಜನ ಆ ಹುಳುವಿನ ಹೆಸರಲ್ಲಿ ಒಂದು ಸಭಾಭವನವನ್ನೇ ಕಟ್ಟಿದ್ದಾರೆ. ಅದೇ ಪತಂಗವನ್ನು 1957ರಲ್ಲಿ ಕೆರಿಬಿಯನ್ನಿನ ನೆವಿಸ್ ದ್ವೀಪದಲ್ಲಿ ಬಿಟ್ಟರು. 1989ರ ಹೊತ್ತಿಗೆ ಅದು ಫ್ಲಾರಿಡಾದಲ್ಲಿ ಕಾಣಿಸಿಕೊಂಡು, ಅಲ್ಲಿಯದೇ ಆದ ಕಳ್ಳಿಗಿಡಗಳಿಗೇ ಬಾಯಿ ಹಾಕಿತು.

ಆದ್ದರಿಂದ ಬಸವನಹುಳುವನ್ನು ಬುಟ್ಟಿಯಲ್ಲಿ ಹೊತ್ತು ತರುವ ದೃಶ್ಯಕ್ಕೆ ಮುಂಚೆಯೇ, ಅದು ಬೇರೆ ಏನೇನು ತಿನ್ನುತ್ತದೆ ಅಂತ ಪಟ್ಟಿ ಮಾಡಿಟ್ಟುಕೊಳ್ಳಿ. ನನ್ನ ಪಟ್ಟಿಯಲ್ಲಿ ಸೋರೆಯ ಎಳೆ ಎಲೆಯೂ ಇದೆ. ಹುಳು ಬಿಡಬೇಕೋ ಬೇಡವೋ ಅಂತ ಅಂಬಿಗರೂ ರೈತರೂ ವಾದ ಮಾಡಲು ಎರಡು ಪೂರ್ತಿ ಅಧ್ಯಾಯ ತೆಗೆದಿಟ್ಟಿದ್ದೇನೆ.