ಪಿಕಪ್ ಗಾಡಿಯ ಕ್ಲಚ್ ಆಯಿಲ್ ಸೋರುತ್ತಿದ್ದರೆ

ಪೆಡಲ್ ಮೆತ್ತಗಾಗಿದೆ, ರಿವರ್ಸ್ ಹಾಕುವಾಗ ಕರಕರ ಅನ್ನುತ್ತಿದೆ, ಎರಡು ಮೂರು ಸಲ ಒತ್ತಿದರೇ ಗೇರ್ ಬೀಳುವುದು ಎಂದಾದರೆ ಕ್ಲಚ್ ಪ್ಲೇಟನ್ನು ದೂರುವ ಮೊದಲು ಕ್ಲಚ್ ಆಯಿಲ್ ಡಬ್ಬಿ ನೋಡಿ. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಮೇಲೆ ಮೇಲೆ ತುಂಬಿಸಿಕೊಂಡು ಓಡಿಸಿದರೆ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಕಾಫಿ ಮೂಟೆ ಸಮೇತ ತಿರುವಿನಲ್ಲಿ ನಿಂತುಬಿಡುತ್ತೀರಿ. ಕೆಲವು ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಅಂಥದ್ದಾದರೆ ಒಂದು ದಿನವೂ ಮುಂದೂಡಬೇಡಿ.

ಸೋರುತ್ತಿರುವುದು ಏನು ಎಂಬುದು ಮೊದಲು ಖಚಿತವಾಗಲಿ. ಗೇರ್‌ಬಾಕ್ಸ್ ಕೆಳಗಿನ ಹನಿಯನ್ನು ಬೆರಳಲ್ಲಿ ತೆಗೆದು ಒಂದು ಲೋಟ ನೀರಿಗೆ ಬಿಡಿ. ಮೇಲೆ ತೇಲಿ ಬಣ್ಣಬಣ್ಣದ ಪೊರೆ ಕಟ್ಟಿದರೆ ಅದು ಎಂಜಿನ್ ಆಯಿಲ್ ಇಲ್ಲವೇ ಗೇರ್ ಆಯಿಲ್. ನೀರಿನಲ್ಲಿ ಬೆರೆತುಹೋದರೆ ಬ್ರೇಕ್ ಆಯಿಲ್ (ಕ್ಲಚ್ಚಿಗೂ ಹಾಕುವುದು ಇದನ್ನೇ), ಅಂದರೆ ಕ್ಲಚ್ ಲೈನಿನದೇ.

ಈಗ ಜಾಗ ಹುಡುಕಿ. ಪೆಡಲ್ ಮೇಲ್ಭಾಗದಲ್ಲಿ ಪುಶ್‌ರಾಡ್ (ಪೆಡಲಿನಿಂದ ಸಿಲಿಂಡರಿಗೆ ಹೋಗುವ ಕಡ್ಡಿ) ಒದ್ದೆಯಾಗಿದ್ದರೆ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನು ದೂಡುವ ಸಿಲಿಂಡರ್, ಹೋಗಿದೆ. ಆ ಒತ್ತಡ ಪಡೆದು ಕ್ಲಚ್ ಬಿಡಿಸುವ, ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟು ಸರಿಸಿದಾಗ ಆಯಿಲ್ ಸುರಿದರೆ ಸ್ಲೇವ್. ಹೋಸ್ ಬಿರುಕು ಬಿಟ್ಟಿದೆಯೇ, ಜೋಡಣೆ ಜಿನುಗುತ್ತಿದೆಯೇ ಎಂದೂ ನೋಡಿ. ಎಲ್ಲೂ ಒದ್ದೆಯಿಲ್ಲ, ಆದರೆ ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಕೆಳಗಿಳಿಯುತ್ತದೆ ಎಂದರೆ ಮಾಸ್ಟರಿನ ಒಳಗಿನ ಕಪ್ (ಪಿಸ್ಟನ್ನಿನ ರಬ್ಬರ್ ಸೀಲು) ಸವೆದಿದೆ. ಸ್ಲೇವ್ ಗೇರ್‌ಬಾಕ್ಸ್ ಒಳಗೇ ಇರುವ ಗಾಡಿಯಾದರೆ ಗೇರ್‌ಬಾಕ್ಸ್ ಇಳಿಸಲೇಬೇಕು; ಅದು ಗ್ಯಾರೇಜಿನ ಕೆಲಸ. ಇಳಿಸಿದ ಮೇಲೆ ಪ್ಲೇಟು, ಬೇರಿಂಗುಗಳನ್ನೂ ಆಗಲೇ ನೋಡಿಸಿಕೊಳ್ಳಿ.

ಹೊರಗಿನ ಸ್ಲೇವ್ ಬದಲಿಸುವುದು ಕಷ್ಟವಲ್ಲ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಅಡ್ಡ ಕೊಡಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಇಡಿ. ಪೈಪಿನ ನಟ್ಟಿಗೆ ಅದನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಬಳಸಿ. ಸಾಮಾನ್ಯ ಸ್ಪ್ಯಾನರ್ ಮೂಲೆಗಳನ್ನು ಸವೆಸಿಬಿಡುತ್ತದೆ. ಸ್ಲೇವ್ ಬಿಚ್ಚಿರುವಾಗ ಯಾರೂ ಪೆಡಲ್ ಒತ್ತಬಾರದು, ಪಿಸ್ಟನ್ ಹೊರಗೆ ಹಾರುತ್ತದೆ. ತಾಮ್ರದ ವಾಷರ್ ಇದ್ದರೆ ಹೊಸದನ್ನೇ ಹಾಕಿ.

ಕಡಿಮೆ ಬೆಲೆಗೆ ರಬ್ಬರ್ ಕಿಟ್ ಮಾತ್ರ ಹಾಕುವ ಆಸೆ ಆಗುತ್ತದೆ. ಅದಕ್ಕೆ ಮುಂಚೆ ಸಿಲಿಂಡರಿನ ಒಳಗೋಡೆಯ ಮೇಲೆ ಉಗುರು ಎಳೆದು ನೋಡಿ. ಚುಚ್ಚು ಗುಳಿ, ಗೀರು ಉಗುರಿಗೆ ಸಿಕ್ಕಿದರೆ ಇಡೀ ಸಿಲಿಂಡರ್ ಬದಲಿಸಿ. ಹೊಸ ಕಪ್ ಹಾಕಿದರೂ ಕೆಲವು ವಾರಗಳಲ್ಲಿ ಮತ್ತೆ ಸೋರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಒಳಗೆ ತುಕ್ಕು ಹಿಡಿಯುವುದು ಅದರಿಂದಲೇ. ಮಲೆನಾಡಿನ ಮಳೆಗಾಲದಲ್ಲಿ ಓಡುವ ಗಾಡಿಗೆ 2 ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು ಎನ್ನುವುದು ಇದಕ್ಕೇ. ಒಳಭಾಗ ತೊಳೆಯಲು ಹೊಸ ಬ್ರೇಕ್ ಆಯಿಲ್ ಸಾಕು. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ತಗಲಿದರೆ ರಬ್ಬರ್ ಊದಿಕೊಳ್ಳುತ್ತದೆ.

ಆಮೇಲೆ ಲೈನಿನೊಳಗೆ ಸೇರಿದ ಏರ್ (ಗಾಳಿ) ತೆಗೆಯಿರಿ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ, ಡಾಟ್ 3 ಅಥವಾ ಡಾಟ್ 4 ಆಯಿಲನ್ನೇ, ಸೀಲು ಒಡೆಯದ ಬಾಟಲಿಯಿಂದ ಹಾಕಿ. ಅರ್ಧ ಲೀಟರ್ ತಂದಿಟ್ಟುಕೊಳ್ಳಿ. ಸ್ಲೇವ್ ಮೇಲಿನ ಬ್ಲೀಡರಿಗೆ (ಗಾಳಿ ಬಿಡುವ ಸ್ಕ್ರೂ) ಪಾರದರ್ಶಕ ಪೈಪು ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಲಿ. ಮೇಲಿರುವವರು ಪೆಡಲನ್ನು ನಿಧಾನವಾಗಿ ನಾಲ್ಕೈದು ಸಲ ಒತ್ತಿ, ಕೊನೆಗೆ ಒತ್ತಿಯೇ ಹಿಡಿಯಲಿ. ಕೆಳಗಿರುವವರು ಬ್ಲೀಡರನ್ನು ಅರ್ಧ ಸುತ್ತು ಸಡಿಲಿಸಿ, ಗುಳ್ಳೆ ಹೋದ ಕೂಡಲೇ ಬಿಗಿದು, ಆಮೇಲೆ "ಬಿಡಿ" ಎನ್ನಲಿ. ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ಮತ್ತೆ ಒಳಗೆ. ಡಬ್ಬಿ ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡಿ. ಆಯಿಲ್ ಪೇಂಟಿನ ಮೇಲೆ ಬಿದ್ದರೆ ತಕ್ಷಣ ನೀರು ಸುರಿಯಿರಿ, ಇಲ್ಲದಿದ್ದರೆ ಪೇಂಟು ಏಳುತ್ತದೆ.

ಮಾಸ್ಟರ್ ಬದಲಿಸಿದ್ದರೆ ಪೆಡಲಿನ ಸಡಿಲವನ್ನೂ (ಪಿಸ್ಟನ್ನಿಗೆ ತಾಗುವ ಮೊದಲು ಪೆಡಲ್ ಸುಮ್ಮನೆ ಚಲಿಸುವ ದೂರ) ಕಂಪನಿ ಕೊಟ್ಟ ಅಳತೆಗೆ ಹೊಂದಿಸಿ. ಸಡಿಲವೇ ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರದೆ, ಡಬ್ಬಿಗೆ ಹೋಗುವ ಸಣ್ಣ ರಂಧ್ರ ಮುಚ್ಚಿಯೇ ಉಳಿಯುತ್ತದೆ. ಒತ್ತಡ ಒಳಗೆ ನಿಂತು ಗುಡ್ಡ ಹತ್ತುವಾಗ ಕ್ಲಚ್ ಜಾರುತ್ತದೆ.

ರಾತ್ರಿ ಗಾಡಿ ಕೆಳಗೆ ಒಣ ರಟ್ಟು ಹಾಸಿಡಿ. ಬೆಳಿಗ್ಗೆ ಕಲೆ ಇಲ್ಲ, ಡಬ್ಬಿಯ ಮಟ್ಟವೂ ಹಾಗೇ ಇದೆ ಎಂದ ಮೇಲೆ ಲೋಡ್ ಹಾಕಿ.